ಗಡಿಯಾರ ಒಂದು, ಲೆಕ್ಕ ಎರಡು: ಅವಳಿ ಮಕ್ಕಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅವಳಿ ಮಕ್ಕಳ ಮನೆಯವುಗಳೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಮಕ್ಕಳ ವಯಸ್ಸಿಗೆ ತಕ್ಕಂತೆ ಜೋಡಿಸಿ ಉತ್ತರಿಸಿದ್ದೇವೆ.

ನನ್ನ ಅವಳಿ ಗಂಡುಮಕ್ಕಳಿಗೆ ಐದು ವಾರ. ಒಬ್ಬನಿಗೆ ಹಾಲು ಕುಡಿಸಿ ಮಲಗಿಸುವಷ್ಟರಲ್ಲಿ ಇನ್ನೊಬ್ಬ ಎದ್ದಿರುತ್ತಾನೆ. ಹಗಲು ರಾತ್ರಿ ಇದೇ ಆಗಿದೆ. ಒಟ್ಟಿಗೆ ಕುಡಿಸಬಹುದೇ? ಇಬ್ಬರಿಗೂ ನನ್ನ ಹಾಲು ಸಾಕಾಗುತ್ತದೆಯೇ?

ಒಟ್ಟಿಗೇ ಕುಡಿಸಿ. ಲೆಕ್ಕ ನೋಡಿದರೆ ಕಾರಣ ಗೊತ್ತಾಗುತ್ತದೆ. ಈ ವಯಸ್ಸಿನ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕೇಳುತ್ತದೆ. ಕುಡಿಸಿ, ತೇಗು ಬರಿಸಿ, ಬಟ್ಟೆ ಬದಲಿಸಲು 40 ನಿಮಿಷ ಎಂದಿಟ್ಟುಕೊಳ್ಳಿ. 10 ಸಲಕ್ಕೆ 400 ನಿಮಿಷ, ಇಬ್ಬರಿಗೆ ಬೇರೆಬೇರೆಯಾಗಿ ಕುಡಿಸಿದರೆ 800 ನಿಮಿಷ. ಅಂದರೆ ದಿನದಲ್ಲಿ 13 ಗಂಟೆಗೂ ಮೇಲೆ. ಇದನ್ನು ಯಾರಿಂದಲೂ ಹೆಚ್ಚು ದಿನ ನಿಭಾಯಿಸಲಾಗದು.

ಒಬ್ಬ ಹಸಿದು ಎದ್ದ ಕೂಡಲೇ ಇನ್ನೊಬ್ಬನನ್ನೂ ಎಬ್ಬಿಸಿ. ನಿದ್ದೆ ಮಾಡುತ್ತಿರುವ ಮಗುವನ್ನು ಎಬ್ಬಿಸಬಾರದು ಎಂಬ ಮಾತು ಅವಳಿಗಳ ಮನೆಗೆ ಹೊಂದುವುದಿಲ್ಲ. ಹೊದಿಕೆ ತೆಗೆದು, ಡೈಪರ್ ಬದಲಿಸಿದರೆ ಸಾಮಾನ್ಯವಾಗಿ ಎಚ್ಚರವಾಗುತ್ತದೆ.

ಇನ್ನು ಹಿಡಿಯುವ ರೀತಿ. ಸೊಂಟದ ಸುತ್ತ ಗಟ್ಟಿ ದಿಂಬು ಇಟ್ಟುಕೊಳ್ಳಿ. ಅದರ ಮೇಲಿಟ್ಟ ಮಗುವಿನ ಮೂಗು ಮೊಲೆತೊಟ್ಟಿನ ಎತ್ತರಕ್ಕೆ ಬರಬೇಕು. ಮಕ್ಕಳ ಮೈ ನಿಮ್ಮ ಎರಡೂ ಕಂಕುಳ ಕೆಳಗೆ, ಕಾಲು ನಿಮ್ಮ ಬೆನ್ನಿನ ಕಡೆಗೆ. ಇಲ್ಲೊಂದು ಸಣ್ಣ ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಮಗುವಿನ ಪಾದ ಕುರ್ಚಿಯ ಬೆನ್ನಿಗೋ ಗೋಡೆಗೋ ತಾಗಿದರೆ ಅದು ಕಾಲಿನಿಂದ ಒದ್ದು, ಬೆನ್ನು ಬಿಲ್ಲಾಗಿಸಿ ಮೊಲೆ ಬಿಟ್ಟುಬಿಡುತ್ತದೆ. ತಾಯಿ ಮಾತ್ರ ಹಾಲು ಸಾಲದೆಂದು ಮಗು ಸಿಟ್ಟಾಗಿದೆ ಎಂದುಕೊಳ್ಳುತ್ತಾಳೆ. ಬೆನ್ನ ಹಿಂದೆ ಒಂದು ದಿಂಬಿಟ್ಟು ನೀವು ಮುಂದೆ ಸರಿದು ಕೂತರೆ ಸಾಕು. ತಲೆಯ ಹಿಂಭಾಗವನ್ನು ಒತ್ತಬೇಡಿ, ಕತ್ತಿನ ಬುಡಕ್ಕೆ ಅಂಗೈ ಕೊಡಿ.

ಮೊಲೆ ಹಿಡಿಯಲು ಕಷ್ಟಪಡುವ ಮಗುವನ್ನು ಮೊದಲು ಹಚ್ಚಿ, ಏಕೆಂದರೆ ಆಗ ನಿಮ್ಮ ಎರಡೂ ಕೈ ಖಾಲಿ ಇರುತ್ತವೆ. ಚುರುಕಾದವನನ್ನು ಆಮೇಲೆ ಒಂದೇ ಕೈಯಲ್ಲಿ ಹಚ್ಚಬಹುದು. ಅವನು ಜೋರಾಗಿ ಚೀಪಿದಾಗ ಎರಡೂ ಕಡೆ ಹಾಲು ಇಳಿಯುವುದರಿಂದ ನಿಧಾನಿ ಮಗುವಿಗೂ ಅನುಕೂಲ. ಇವತ್ತು ಬಲಕ್ಕೆ ಕುಡಿದವನು ನಾಳೆ ಎಡಕ್ಕೆ ಕುಡಿಯಲಿ. ಯಾವಾಗಲೂ ಅದೇ ಬದಿ ಕೊಟ್ಟರೆ ಮೆಲ್ಲಗೆ ಚೀಪುವವನ ಕಡೆಯ ಹಾಲು ಕಡಿಮೆಯಾಗುತ್ತದೆ.

ಸಾಕಾಗುತ್ತದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ. ಐದನೇ ದಿನದ ನಂತರ ದಿನಕ್ಕೆ ಕನಿಷ್ಠ 6 ಸಲ ಚೆನ್ನಾಗಿ ಒದ್ದೆಯಾದ ಡೈಪರ್, ಎರಡು ವಾರದ ಹೊತ್ತಿಗೆ ಮರಳಿ ಹುಟ್ಟಿದ ತೂಕ, ಆಮೇಲೆ ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರಿಕೆ. ಇವನ್ನು ಒಬ್ಬೊಬ್ಬರಿಗೂ ಬೇರೆಯಾಗಿ ಬರೆದಿಡಿ. "ಮಕ್ಕಳು ಚೆನ್ನಾಗಿ ಕುಡಿಯುತ್ತಿದ್ದಾರೆ" ಎಂಬ ಮಾತಿನ ಹಿಂದೆ ಸೊರಗುತ್ತಿರುವ ಒಂದು ಮಗು ಅಡಗಿರಬಹುದು. ಕುಡಿಸುವ ಹೊತ್ತು ಒಂದೇ ಇರಲಿ, ಲೆಕ್ಕದ ಸಾಲು ಮಾತ್ರ ಎರಡು ಬೇಕು.

ವೈದ್ಯರು ಚಿಕ್ಕವಳಿಗೆ ಮೇಲುಹಾಲು (ಶಿಶುಗಳ ಪುಡಿಹಾಲು) ಸೇರಿಸಿ ಎಂದಿದ್ದಾರೆ. ಎಷ್ಟು ಕೊಡಬೇಕು? ರಾತ್ರಿಗೆ ಒಮ್ಮೆಲೇ ಮಾಡಿಟ್ಟುಕೊಳ್ಳಬಹುದೇ?

ಮೊದಲ ವಾರ ಕಳೆದ ಮೇಲೆ ಮಗುವಿನ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 150 ಮಿ.ಲೀ. ಎಂಬುದು ಸಾಮಾನ್ಯ ಅಂದಾಜು. 3 ಕೆ.ಜಿ. ಮಗುವಿಗೆ 450 ಮಿ.ಲೀ.; ಎಂಟು ಸಲ ಎಂದರೆ ಸಲಕ್ಕೆ 55 ಮಿ.ಲೀ. ಆಸುಪಾಸು. ಇದು ಪೂರ್ತಿ ಆಹಾರದ ಲೆಕ್ಕ. ನಿಮ್ಮ ಮಗು ಎದೆಹಾಲನ್ನೂ ಕುಡಿಯುತ್ತಿರುವುದರಿಂದ ಕೊರತೆಯಷ್ಟನ್ನು ಮಾತ್ರ ತುಂಬಬೇಕು. ಆ ಕೊರತೆ ಎಷ್ಟು ಎಂಬುದನ್ನು ತೂಕ ನೋಡಿ ವೈದ್ಯರೇ ಹೇಳಲಿ. ಮೊದಲು ಎದೆಹಾಲು, ಆಮೇಲೆ ಮೇಲುಹಾಲು.

ನೀರನ್ನು ಕುದಿಸಿ, ಅರ್ಧ ಗಂಟೆಯೊಳಗೆ, ಅದಿನ್ನೂ 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮುಂಚೆಯೇ ಪುಡಿ ಬೆರೆಸಬೇಕು. ಪುಡಿಹಾಲು ಡಬ್ಬಿಯಲ್ಲೇ ಕ್ರಿಮಿರಹಿತವಾಗಿರುವುದಿಲ್ಲ. ಆ ಬಿಸಿ ಬೇಕಿರುವುದು ಅದಕ್ಕೇ. ಬಾಟಲಿಗೆ ಮೊದಲು ನೀರು, ನಂತರ ಅಂಚಿಗೆ ಸಮವಾಗಿ ಸವರಿದ ಚಮಚದ ಪುಡಿ. ಪುಡಿ ಮೊದಲು ಹಾಕಿ ಗೆರೆಯವರೆಗೆ ನೀರು ತುಂಬಿದರೆ ನೀರು ಕಡಿಮೆಯಾಗಿ ಹಾಲು ಗಟ್ಟಿಯಾಗುತ್ತದೆ. ಡಬ್ಬಿ ಹೆಚ್ಚು ದಿನ ಬರಲೆಂದು ತೆಳ್ಳಗೆ ಮಾಡುವುದು ಇನ್ನೂ ಅಪಾಯ: ರಕ್ತದಲ್ಲಿ ಸೋಡಿಯಂ ಇಳಿದು ಮಗುವಿಗೆ ಫಿಟ್ಸ್ ಬರಬಹುದು. ಮೈಬಿಸಿಯಷ್ಟು ಆರಿದ ಮೇಲೆ, ಮಣಿಕಟ್ಟಿನ ಮೇಲೆ ಎರಡು ಹನಿ ಹಾಕಿ ನೋಡಿಯೇ ಕುಡಿಸಿ.

ಮಾಡಿದ್ದನ್ನು ಹೊರಗಿಟ್ಟರೆ 2 ಗಂಟೆಯೊಳಗೆ ಬಳಸಬೇಕು. ಬೇಗ ತಣಿಸಿ ಫ್ರಿಜ್ಜಿನ ಒಳಭಾಗದಲ್ಲಿಟ್ಟರೆ 24 ಗಂಟೆ. ಬಾಗಿಲಲ್ಲಿ ಇಡಬೇಡಿ. ಒಬ್ಬಳು ಬಿಟ್ಟ ಬಾಟಲಿಯನ್ನು ಇನ್ನೊಬ್ಬಳಿಗೆ ಮುಂದುವರಿಸುವುದೂ ಬೇಡ. ಯಾರು ಎಷ್ಟು ಕುಡಿದರು ಎಂಬ ಲೆಕ್ಕ ಅಲ್ಲೇ ತಪ್ಪುತ್ತದೆ.

ಮೊಮ್ಮಕ್ಕಳಿಗೆ ಎರಡು ತಿಂಗಳು. ಒಂಬತ್ತು ತಿಂಗಳು ಒಟ್ಟಿಗಿದ್ದವು, ಒಂದೇ ತೊಟ್ಟಿಲಲ್ಲಿ ಮಲಗಿಸಿದರೆ ಬೆಚ್ಚಗಿರುತ್ತವೆ ಎನ್ನುತ್ತೇನೆ ನಾನು. ಸೊಸೆ ಒಪ್ಪುವುದಿಲ್ಲ. ಯಾರು ಸರಿ?

ನಿಮ್ಮ ಸೊಸೆ ಹೇಳುವುದೇ ಸರಿ, ಅಮ್ಮ. ಒಂದರ ಕೈ ಇನ್ನೊಂದರ ಮುಖದ ಮೇಲೆ ಬಿದ್ದರೆ ಈ ವಯಸ್ಸಿನಲ್ಲಿ ಅದನ್ನು ಸರಿಸುವ ಶಕ್ತಿ ಇರುವುದಿಲ್ಲ. ಎರಡು ಮೈ ಸೇರಿ ಬಿಸಿಯೂ ಅತಿಯಾಗುತ್ತದೆ. ಒಂದೇ ಕೋಣೆಯಲ್ಲಿ, ದೊಡ್ಡವರ ಮಂಚದ ಪಕ್ಕದಲ್ಲೇ, ಎರಡು ಪ್ರತ್ಯೇಕ ಹಾಸಿಗೆ. ಕನಿಷ್ಠ ಆರು ತಿಂಗಳವರೆಗೆ ಹೀಗಿರಲಿ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಬೇಕು. ಪ್ರತಿ ನಿದ್ದೆಗೂ ಅಂಗಾತ ಮಲಗಿಸಬೇಕು. ದಿಂಬು, ಗೊಂಬೆ, ದಪ್ಪ ಹೊದಿಕೆ ಯಾವುದೂ ಒಳಗೆ ಬೇಡ.

ಒಂದು ಅತ್ತರೆ ಇನ್ನೊಂದು ಏಳುತ್ತದೆ ಎಂಬ ಭಯಕ್ಕೆ ಬೇರೆ ಕೋಣೆಗೆ ಹಾಕುವವರೂ ಇದ್ದಾರೆ. ಅವಸರ ಬೇಡ. ಬಹುಪಾಲು ಅವಳಿಗಳು ಕೆಲವು ವಾರಗಳಲ್ಲಿ ಜೊತೆಗಿರುವವರ ಅಳುವಿಗೆ ಒಗ್ಗಿಕೊಳ್ಳುತ್ತವೆ. ದೊಡ್ಡವರೇ ಓಡಿಬಂದು ದೀಪ ಹಾಕಿ ಇಬ್ಬರನ್ನೂ ಎಬ್ಬಿಸುವುದೇ ಹೆಚ್ಚು.

ಬಟ್ಟೆ ಸುತ್ತಿ ಮಲಗಿಸುತ್ತಿದ್ದರೆ ಇನ್ನೊಂದು ಎಚ್ಚರಿಕೆ. ಇಬ್ಬರಲ್ಲಿ ಯಾರು ಮಗುಚುವ ಪ್ರಯತ್ನ ಶುರು ಮಾಡುತ್ತಾರೋ ಆ ಮಗುವಿಗೆ ಅಂದೇ ಸುತ್ತುವುದನ್ನು ನಿಲ್ಲಿಸಿ, ಇನ್ನೊಬ್ಬರಿಗಾಗಿ ಕಾಯಬೇಡಿ.

ಮಕ್ಕಳಿಗೆ ಮೂರು ತಿಂಗಳು. ನನ್ನ ಹೆಂಡತಿಗೆ ರಾತ್ರಿ ಒಟ್ಟು ನಾಲ್ಕು ಗಂಟೆ ನಿದ್ದೆಯೂ ಇಲ್ಲ, ಅದೂ ತುಂಡುತುಂಡಾಗಿ. ಕಾರಣವಿಲ್ಲದೆ ಅಳುತ್ತಾಳೆ. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು. ಏನು ಮಾಡಲಿ?

ಇದರಲ್ಲಿ ಎರಡು ಪ್ರಶ್ನೆಗಳಿವೆ. ನಿದ್ದೆಯದು ಮೊದಲು. ಇಬ್ಬರೂ ರಾತ್ರಿಯಿಡೀ ಅರೆನಿದ್ದೆಯಲ್ಲಿ ಇರುವುದಕ್ಕಿಂತ ಪಾಳಿ ಹಾಕಿಕೊಳ್ಳುವುದು ಮೇಲು. ರಾತ್ರಿ 9ರಿಂದ 2ರವರೆಗೆ ಒಬ್ಬರು, 2ರಿಂದ 7ರವರೆಗೆ ಇನ್ನೊಬ್ಬರು. ಪಾಳಿಯಲ್ಲಿಲ್ಲದವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಬೇಕು. ಆಕೆ ಎದೆಹಾಲು ಕುಡಿಸುತ್ತಿದ್ದರೆ ಮಲಗುವ ಮುಂಚೆ ಹಿಂಡಿಟ್ಟ ಹಾಲನ್ನು ನಿಮ್ಮ ಪಾಳಿಯಲ್ಲಿ ನೀವು ಕೊಡಿ. ಹಿಂಡಿದ ಹಾಲು 25 ಡಿಗ್ರಿಯವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಐದು ಗಂಟೆಗಿಂತ ಉದ್ದದ ಬಿಡುವು ಈಗ ಬೇಡ; ಎದೆ ಕಟ್ಟಿಕೊಂಡು ನೋಯುತ್ತದೆ, ಹಾಲೂ ತಗ್ಗುತ್ತದೆ. ಹಿಂಡುವುದು ಆಗದಿದ್ದರೆ ಮಕ್ಕಳನ್ನು ಎತ್ತಿ ತರುವುದು, ತೇಗು ಬರಿಸುವುದು, ಬಟ್ಟೆ ಬದಲಿಸಿ ಮಲಗಿಸುವುದು ಪೂರ್ತಿ ನಿಮ್ಮದಾಗಲಿ. ಆಕೆ ಹಾಸಿಗೆಯಿಂದ ಇಳಿಯದಂತೆ ನೋಡಿಕೊಳ್ಳಿ. "ಬೇಕಾದರೆ ಕರಿ" ಎಂದು ಹೇಳಿ ಮಲಗುವುದನ್ನು ಸಹಾಯ ಎನ್ನಲಾಗದು.

ಎರಡನೆಯದು ಅಳು. ಹೆರಿಗೆಯ ನಂತರದ ಸಣ್ಣ ಬೇಸರ ಎರಡು ವಾರದೊಳಗೆ ಹೋಗಬೇಕು. ಮೂರು ತಿಂಗಳಾದರೂ ಇದ್ದರೆ ಅದು ಖಿನ್ನತೆ ಇರಬಹುದು, ಅವಳಿಗಳ ತಾಯಂದಿರಲ್ಲಿ ಅದರ ಸಾಧ್ಯತೆ ಹೆಚ್ಚು. ನಿದ್ದೆ ಸಿಕ್ಕರೆ ಸರಿಹೋಗುತ್ತದೆ ಎಂದು ಕಾಯಬೇಡಿ. ಈ ವಾರವೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಈ ಖಿನ್ನತೆಯನ್ನು ಗುರುತಿಸುವ ಎಡಿನ್‌ಬರೊ ಮಾಪಕ ಎಂಬ 10 ಪ್ರಶ್ನೆಗಳ ಪಟ್ಟಿ 1987ರಿಂದ ಬಳಕೆಯಲ್ಲಿದೆ, ತುಂಬಲು ಐದು ನಿಮಿಷ ಸಾಕು. ಮಕ್ಕಳು ನಿದ್ದೆ ಮಾಡುವಾಗಲೂ ಆಕೆಗೆ ನಿದ್ದೆ ಬರದಿದ್ದರೆ ಅದನ್ನು ತಪ್ಪದೆ ಹೇಳಿ. ತನಗೋ ಮಕ್ಕಳಿಗೋ ಏನಾದರೂ ಮಾಡಿಬಿಡುವ ಯೋಚನೆ ಬರುತ್ತಿದೆ ಎಂದರೆ ಆಕೆಯನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ಇದೆ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ.

ನಮ್ಮ ಅವಳಿಗಳು 32 ವಾರಕ್ಕೇ ಹುಟ್ಟಿದವರು. ಈಗ ಐದು ತಿಂಗಳು. ಮಗಳು ಮಗುಚಲು ನೋಡುತ್ತಾಳೆ, ಮಗ ಏನೂ ಮಾಡುವುದಿಲ್ಲ. ಅವನ ತಲೆಯ ಒಂದು ಬದಿ ಚಪ್ಪಟೆಯಾಗಿದೆ.

ಎಂಟು ವಾರ ಮುಂಚೆ ಹುಟ್ಟಿದ ಮಕ್ಕಳ ಬೆಳವಣಿಗೆ ನೋಡುವಾಗ ಎಂಟು ವಾರ ಕಳೆಯಬೇಕು. ಆ ಲೆಕ್ಕದಲ್ಲಿ ಇಬ್ಬರಿಗೂ ಈಗ ಸುಮಾರು ಮೂರು ತಿಂಗಳು. ಮಗುಚುವುದು ಸಾಮಾನ್ಯವಾಗಿ 4ರಿಂದ 6 ತಿಂಗಳ ನಡುವೆ. ನಿಮ್ಮ ಮಗಳು ಸ್ವಲ್ಪ ಮುಂದಿದ್ದಾಳೆ, ಮಗ ಹಿಂದೆ ಬಿದ್ದಿಲ್ಲ. ಎರಡು ವರ್ಷದವರೆಗೂ ಇದೇ ಲೆಕ್ಕ ಇಟ್ಟುಕೊಳ್ಳಿ. ಲಸಿಕೆಗೆ ಮಾತ್ರ ಇದು ಅನ್ವಯಿಸುವುದಿಲ್ಲ, ಅದನ್ನು ಹುಟ್ಟಿದ ದಿನದಿಂದಲೇ ಎಣಿಸಬೇಕು. ಬಹಳ ಮನೆಗಳಲ್ಲಿ ಇದೊಂದು ಅದಲುಬದಲಾಗುತ್ತದೆ.

ಚಪ್ಪಟೆ ತಲೆಯನ್ನು ಮಾತ್ರ ಈಗಲೇ ನೋಡಿಕೊಳ್ಳಿ. ಹೊಟ್ಟೆಯಲ್ಲಿ ಜಾಗ ಇಕ್ಕಟ್ಟಾಗಿದ್ದರಿಂದಲೂ, ಎತ್ತಿಕೊಳ್ಳುವ ಕೈಗಳು ಕಡಿಮೆ ಬಿದ್ದು ಹೆಚ್ಚು ಹೊತ್ತು ಅಂಗಾತ ಮಲಗಿರುವುದರಿಂದಲೂ ಅವಳಿಗಳಲ್ಲಿ ಇದು ಜಾಸ್ತಿ. ಎಚ್ಚರವಿದ್ದಾಗ, ನಿಮ್ಮ ಕಣ್ಣೆದುರಲ್ಲೇ, ನೆಲದ ಮೇಲೆ ಬೋರಲು ಮಲಗಿಸಿ. ಒಮ್ಮೆಗೆ 3ರಿಂದ 5 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ, ಒಗ್ಗಿದಂತೆ ಹೆಚ್ಚಿಸಿ. ಅಕ್ಕತಮ್ಮ ಎದುರುಬದುರಾಗಿದ್ದರೆ ಒಬ್ಬರ ಮುಖ ನೋಡಲು ಇನ್ನೊಬ್ಬರು ತಲೆ ಎತ್ತುತ್ತಾರೆ. ಇಷ್ಟು ಅಗ್ಗದ ಆಟಿಕೆ ಬೇರೆ ಇಲ್ಲ. ತೊಟ್ಟಿಲಲ್ಲಿ ತಲೆಯ ದಿಕ್ಕನ್ನು ದಿನ ಬಿಟ್ಟು ದಿನ ಬದಲಿಸಿ, ಬೆಳಕು ಬರುವ ಕಡೆಗೆ ಅವನು ಇನ್ನೊಂದು ಬದಿಯಿಂದ ತಿರುಗಲಿ. ಎಷ್ಟು ಮಾಡಿದರೂ ಒಂದೇ ಕಡೆಗೆ ತಿರುಗುತ್ತಾನೆ ಎಂದರೆ ಕತ್ತಿನ ಸ್ನಾಯು ಬಿಗಿದಿರಬಹುದು. ಫಿಸಿಯೋಥೆರಪಿಗೆ ಬೇಗ ಹೋದಷ್ಟೂ ಬೇಗ ಸರಿಹೋಗುತ್ತದೆ. ಎಂಟು ವಾರ ಕಳೆದ ಲೆಕ್ಕದಲ್ಲಿ ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಕಾಲುಗಳು ಬಿಗಿಯಾಗಿದ್ದರೆ, ವರ್ಷ ತುಂಬುವ ಮುಂಚೆಯೇ ಒಂದೇ ಕೈ ಬಳಸುತ್ತಿದ್ದರೆ ವೈದ್ಯರಿಗೆ ತೋರಿಸಿ.

ಒಂಬತ್ತು ತಿಂಗಳ ಹೆಣ್ಣುಮಕ್ಕಳು, ನೋಡಲು ಒಂದೇ ಥರ. ಇಬ್ಬರಿಗೂ ಜ್ವರ ಬಂದಾಗ ಒಬ್ಬಳಿಗೇ ಎರಡು ಸಲ ಔಷಧಿ ಹೋಗಿರಬಹುದೆಂಬ ಅನುಮಾನ ಬಂತು. ಹೀಗಾಗದಂತೆ ಏನು ಮಾಡಬೇಕು?

ಮೊದಲು ಗುರುತು. ಒಬ್ಬಳ ಕಾಲಿನ ಹೆಬ್ಬೆರಳ ಉಗುರಿಗೆ ಬಣ್ಣ ಹಚ್ಚಿ. ಕೈಬೆರಳಿಗೆ ಬೇಡ, ಅದು ಬಾಯಿಗೆ ಹೋಗುತ್ತದೆ. ಕತ್ತಿಗೆ ದಾರ ಬೇಡವೇ ಬೇಡ, ಉಸಿರು ಕಟ್ಟುವ ಅಪಾಯ. ಅಂಗಿಯ ಬಣ್ಣವನ್ನು ನೆಚ್ಚಿಕೊಳ್ಳಬೇಡಿ, ಒಮ್ಮೆ ವಾಂತಿಯಾದರೆ ಅಂಗಿ ಬದಲಾಗುತ್ತದೆ.

ಆಮೇಲೆ ಕಾಗದ. ಔಷಧಿ ಇಡುವ ಜಾಗದಲ್ಲೇ ಒಂದು ಹಾಳೆ ಅಂಟಿಸಿ ಎರಡು ಕಲಂ ಮಾಡಿ: ಹೆಸರು, ತೂಕ, ಹೊತ್ತು, ಔಷಧಿ, ಪ್ರಮಾಣ, ಕೊಟ್ಟವರು. ಕುಡಿಸಿದ ಕೂಡಲೇ, ಬಾಟಲಿ ಮುಚ್ಚುವ ಮೊದಲು ಬರೆಯಬೇಕು. ಸಾಧ್ಯವಾದರೆ ಒಂದು ಪಾಳಿಯಲ್ಲಿ ಒಬ್ಬರೇ ಕೊಡಲಿ. ದಿನವೂ ಕೊಡುವ ವಿಟಮಿನ್ ಡಿ, ಕಬ್ಬಿಣದ ಹನಿಗಳಿಗೂ ಇದೇ ಹಾಳೆ.

ಪ್ರಮಾಣದಲ್ಲಿ ಎಡವುವುದು ಬಾಟಲಿ ಬದಲಾದಾಗ. ಪ್ಯಾರಾಸಿಟಮಾಲ್ ಲೆಕ್ಕ ಒಂದು ಸಲಕ್ಕೆ ಕೆ.ಜಿ.ಗೆ 15 ಮಿ.ಗ್ರಾಂ.; 7 ಕೆ.ಜಿ. ಮಗುವಿಗೆ 105 ಮಿ.ಗ್ರಾಂ. ಇದು ಮಿ.ಲೀ.ನಲ್ಲಿ 100 ಮಿ.ಗ್ರಾಂ. ಇರುವ ಹನಿಯಾದರೆ 1 ಮಿ.ಲೀ.ಯಷ್ಟು, 5 ಮಿ.ಲೀ.ನಲ್ಲಿ 250 ಇರುವ ಸಿರಪ್ಪಾದರೆ 2.1 ಮಿ.ಲೀ., 120 ಇರುವ ಸಿರಪ್ಪಾದರೆ ಸುಮಾರು 4.4 ಮಿ.ಲೀ. 120 ಇರುವ ಸಿರಪ್ಪಿನ ಅಳತೆಯಲ್ಲಿ ಹನಿ ಔಷಧಿ ಕೊಟ್ಟರೆ ಡೋಸ್ ನಾಲ್ಕು ಪಟ್ಟು ದಾಟುತ್ತದೆ! ಮನೆಯಲ್ಲಿ ಒಂದೇ ಬಗೆಯ ಬಾಟಲಿ ಇಟ್ಟುಕೊಂಡು, ನಿಮ್ಮ ವೈದ್ಯರಿಂದ ಇಬ್ಬರ ಅಳತೆಯನ್ನೂ ಅದರ ಮೇಲೇ ಬರೆಸಿಕೊಳ್ಳಿ. ಅಡುಗೆಮನೆಯ ಚಮಚ ಬೇಡ, ಸೂಜಿ ಇಲ್ಲದ ಸಿರಿಂಜ್ ಬಳಸಿ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ.

ಯಾರಿಗೆ ಕೊಟ್ಟೆವೆಂದು ಮರೆತರೆ ಇಬ್ಬರಿಗೂ ಮತ್ತೆ ಕೊಡದೆ ಆರು ಗಂಟೆ ಕಾಯಿರಿ. ಎರಡು ಸಲ ಹೋಗಿರುವುದು ಖಚಿತವಾದರೆ ತೂಕ, ಪ್ರಮಾಣ, ಹೊತ್ತು ಹೇಳಿ ಕೂಡಲೇ ವೈದ್ಯರಿಗೆ ಫೋನ್ ಮಾಡಿ.

ಮೂರು ತಿಂಗಳೊಳಗಿನ ಮಕ್ಕಳಿರುವವರಿಗೆ ಇದೆಲ್ಲ ಅನ್ವಯಿಸುವುದಿಲ್ಲ. ಆ ವಯಸ್ಸಿನಲ್ಲಿ ಜ್ವರ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮನೆಮದ್ದು ಮಾಡದೆ ನೇರ ಆಸ್ಪತ್ರೆಗೆ ಹೋಗಬೇಕು.

ಹದಿನಾರು ತಿಂಗಳ ಮಗ ತನ್ನ ಅವಳಿ ತಂಗಿಯನ್ನು ದಿನಕ್ಕೆ ಮೂರ್ನಾಲ್ಕು ಸಲ ಕಚ್ಚುತ್ತಾನೆ. ತಿರುಗಿ ಕಚ್ಚಿದರೆ ಬುದ್ಧಿ ಬರುತ್ತದೆ ಎನ್ನುತ್ತಾರೆ ಮನೆಯವರು.

ಬರುವುದಿಲ್ಲ. ದೊಡ್ಡವರೂ ಕಚ್ಚುತ್ತಾರೆ ಎಂಬುದಷ್ಟೇ ಅವನಿಗೆ ಗೊತ್ತಾಗುತ್ತದೆ.

ಒಂದು ವಾರ ಬರೆದು ನೋಡಿ: ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೂ ಮುಂಚೆ ಏನಾಯಿತು. ಸಾಮಾನ್ಯವಾಗಿ ಊಟಕ್ಕೆ ಮೊದಲಿನ ಅರ್ಧ ಗಂಟೆ, ನಿದ್ದೆಗೆ ಮೊದಲಿನ ಅರ್ಧ ಗಂಟೆ, ಇಲ್ಲವೇ ಇಬ್ಬರೂ ಒಂದೇ ಮೂಲೆಯಲ್ಲಿ ಸಿಕ್ಕಿಕೊಂಡಾಗ. ಆ ಹೊತ್ತಿನಲ್ಲಿ ದೊಡ್ಡವರೊಬ್ಬರು ಕೈಗೆಟಕುವಷ್ಟು ಹತ್ತಿರ ಕೂತಿರಬೇಕು, ಫೋನ್ ಬದಿಗಿಟ್ಟು. ಬಾಯಿ ತೆರೆದು ಮುಂದೆ ಬಾಗುವಾಗಲೇ ಅಂಗೈ ಅಡ್ಡ ಹಿಡಿದು "ಕಚ್ಚಬಾರದು" ಎಂದು ಹೇಳಿ, ಕಚ್ಚಲು ಹಲ್ಲು ಬರುವ ಮಕ್ಕಳ ಆಟಿಕೆ (ಟೀದರ್) ಕೊಡಿ. ಕಚ್ಚಿಬಿಟ್ಟರೆ ಮೊದಲು ಮಗಳನ್ನು ಎತ್ತಿಕೊಳ್ಳಿ. ಅವನಿಗೆ ಬೈದು, ಕಾರಣ ಕೇಳಿ, ಬುದ್ಧಿ ಹೇಳುತ್ತ ಕೂತರೆ ಕಚ್ಚಿದ್ದಕ್ಕೆ ಅಮ್ಮ ಪೂರ್ತಿ ಸಿಕ್ಕಳು ಎಂದಾಗುತ್ತದೆ. ಗಾಯವನ್ನು ಸೋಪು ನೀರಿನಲ್ಲಿ ತೊಳೆಯಿರಿ. ಚರ್ಮ ಹರಿದಿದ್ದರೆ ವೈದ್ಯರಿಗೆ ತೋರಿಸಿ.

ಹಂಚಿಕೊಂಡು ಆಡಿ ಎಂದು ಈ ವಯಸ್ಸಿಗೆ ಹೇಳುವುದು ವ್ಯರ್ಥ, ಮೂರು ವರ್ಷದ ಹೊತ್ತಿಗೆ ಅದು ಮೆಲ್ಲಗೆ ಶುರುವಾಗುತ್ತದೆ. ಇಬ್ಬರೂ ಕಿತ್ತಾಡುವ ಒಂದೆರಡು ವಸ್ತುಗಳನ್ನು ಜೋಡಿ ತನ್ನಿ, ಎಲ್ಲವನ್ನೂ ಬೇಡ. ದಿನಕ್ಕೆ 15 ನಿಮಿಷ ಒಬ್ಬಳು ಕಟಾಂಜನದ ಆಚೆ ತನ್ನ ಆಟಿಕೆಗಳೊಂದಿಗೆ ಯಾರ ಕಾಟವೂ ಇಲ್ಲದೆ ಇರಲಿ. ಆಮೇಲೆ ಅವನ ಸರದಿ.

ಇಬ್ಬರಿಗೂ 22 ತಿಂಗಳು. ತಮ್ಮತಮ್ಮಲ್ಲೇ ಏನೇನೋ ಮಾತಾಡಿ ನಗುತ್ತಾರೆ. ನಮ್ಮೊಂದಿಗೆ ಹತ್ತು ಪದವೂ ಇಲ್ಲ.

ಅದು ಗುಟ್ಟಿನ ಭಾಷೆಯೇನಲ್ಲ. ಒಬ್ಬರ ತೊದಲನ್ನು ಇನ್ನೊಬ್ಬರು ಕಲಿತು, ಇಬ್ಬರಿಗೂ ಅದೇ ಸಾಕಾಗಿಬಿಟ್ಟಿದೆ. ಅವಳಿಗಳಲ್ಲಿ ಮಾತು ಸರಾಸರಿಯಲ್ಲಿ ಸ್ವಲ್ಪ ತಡ. ದಿನ ತುಂಬದೆ ಹುಟ್ಟುವುದು ಒಂದು ಕಾರಣ. ದೊಡ್ಡವರು ಒಬ್ಬೊಬ್ಬರೊಂದಿಗೇ ಮಾತಾಡುವ ಹೊತ್ತು ಕಡಿಮೆ ಎಂಬುದು ಇನ್ನೊಂದು. "ಬನ್ನಿ, ಕೂತ್ಕೊಳ್ಳಿ, ತಿನ್ನಿ" ಎಂದು ಇಬ್ಬರಿಗೂ ಒಟ್ಟಿಗೆ ಹೇಳುವ ಮಾತಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ದಿನಕ್ಕೆ 10-15 ನಿಮಿಷ ಒಬ್ಬರನ್ನೇ ಕರೆದುಕೊಂಡು ಕೂತು ಚಿತ್ರಪುಸ್ತಕ ನೋಡಿ. ಹೆಸರು ಹಿಡಿದು ಕೇಳಿ, ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ಈ ಐದು ಎಣಿಕೆ ಬಹಳ ಉದ್ದವೆನಿಸುತ್ತದೆ, ಆದರೂ ತಡೆದುಕೊಳ್ಳಿ. ಚುರುಕಾದ ಮಗು ಇನ್ನೊಂದರ ಪರವಾಗಿ ಉತ್ತರಿಸಿದರೆ ನಕ್ಕು, ಮತ್ತೆ ಅದೇ ಮಗುವನ್ನು ಕೇಳಿ.

ಎರಡು ವರ್ಷಕ್ಕೆ ಸುಮಾರು 50 ಪದ, ಎರಡೆರಡು ಪದ ಜೋಡಿಸಿದ ಮಾತು ನಿರೀಕ್ಷಿತ. ಈಗ ಹತ್ತೂ ಇಲ್ಲವೆಂದರೆ ಅವಳಿಗಳಲ್ಲವೇ ಎಂದು ಸುಮ್ಮನಿರಬೇಡಿ. ಮೊದಲು ಇಬ್ಬರಿಗೂ ಶ್ರವಣ ಪರೀಕ್ಷೆ ಮಾಡಿಸಿ, ಹುಟ್ಟಿದಾಗ ತೀವ್ರ ನಿಗಾ ಘಟಕದಲ್ಲಿದ್ದರಂತೂ ತಪ್ಪದೆ. ನಂತರ ವಾಕ್ ಚಿಕಿತ್ಸಕರು ಇಬ್ಬರನ್ನೂ ಬೇರೆಬೇರೆಯಾಗಿ ನೋಡಬೇಕು. ಮನೆಯಲ್ಲಿ ಎರಡು ಭಾಷೆ ಇದೆ ಎಂಬುದು ಕಾರಣವಲ್ಲ. ಯಾವುದನ್ನೂ ಬಿಡಬೇಕಿಲ್ಲ.

ಎರಡೂವರೆ ವರ್ಷ. ಇಬ್ಬರಿಗೂ ಒಟ್ಟಿಗೇ ಟಾಯ್ಲೆಟ್ ಅಭ್ಯಾಸ ಮಾಡಿಸಿದರೆ ಕೆಲಸ ಒಂದೇ ಸಲ ಮುಗಿಯುವುದಿಲ್ಲವೇ?

ಇಬ್ಬರೂ ತಯಾರಿದ್ದರೆ ಮುಗಿಯಬಹುದು. ಎರಡು ಗಂಟೆ ಡೈಪರ್ ಒಣಗಿರುವುದು, ಬಂದಿದೆ ಎಂದು ಹೇಳುವುದು ಅಥವಾ ಮೂಲೆಗೆ ಹೋಗಿ ಕೂರುವುದು, ಚಡ್ಡಿ ಕೆಳಗೆಳೆಯಲು ಬರುವುದು: ಈ ಮೂರು ಯಾರಲ್ಲಿದೆಯೋ ಅವರಿಂದ ಶುರು ಮಾಡಿ. ಮಕ್ಕಳು ಕೂರುವ ಪಾಟಿ ಕುರ್ಚಿ ಎರಡಿರಲಿ, ಇಲ್ಲದಿದ್ದರೆ ಜಗಳ ಅದರ ಮೇಲೇ ಆಗುತ್ತದೆ. "ಅವಳನ್ನು ನೋಡಿ ಕಲಿ" ಎಂದರೆ ಹಿಂದಿರುವ ಮಗು ತಡೆಹಿಡಿದು ಮಲಬದ್ಧತೆ ಮಾಡಿಕೊಳ್ಳುತ್ತದೆ. ಆ ಮೇಲೆ ತಿಂಗಳುಗಟ್ಟಲೆ ಕೆಲಸ.

ಶಾಲೆಗೆ ಸೇರಿಸುವಾಗ ಒಂದೇ ತರಗತಿಯೋ ಬೇರೆಬೇರೆಯೋ?

ಎಲ್ಲರಿಗೂ ಹೊಂದುವ ನಿಯಮ ಇಲ್ಲ. ನಮ್ಮ ಒಲವು ಮೊದಲ ವರ್ಷ ಒಟ್ಟಿಗಿಡುವ ಕಡೆಗೆ, ಹೊಸ ಜಾಗ ಮತ್ತು ಅಗಲಿಕೆ ಎರಡನ್ನೂ ಒಂದೇ ದಿನ ಹೇರದಿರಲಿ ಎಂದು. ಒಬ್ಬರ ಪರವಾಗಿ ಇನ್ನೊಬ್ಬರೇ ಮಾತಾಡುತ್ತಿದ್ದರೆ, ಒಬ್ಬರು ಸದಾ ಹಿಂದೆ ನಿಲ್ಲುತ್ತಿದ್ದರೆ ಬೇರೆ ಮಾಡುವುದು ಒಳ್ಳೆಯದು. ಹಾಗೆ ಮಾಡುವುದಾದರೆ ಒಂದೆರಡು ತಿಂಗಳು ಮುಂಚಿನಿಂದಲೇ ವಾರಕ್ಕೆರಡು ಸಲ ಒಬ್ಬರನ್ನು ಅಪ್ಪ, ಇನ್ನೊಬ್ಬರನ್ನು ಅಮ್ಮ ಬೇರೆಬೇರೆ ಕಡೆಗೆ ಕರೆದುಕೊಂಡು ಹೋಗಲಿ. ಶಿಕ್ಷಕರಿಗೆ ಇಬ್ಬರನ್ನೂ ಗುರುತಿಸುವ ಬಗೆ ಮೊದಲ ದಿನವೇ ತಿಳಿಸಿ, ಪ್ರಗತಿಯನ್ನು ಬೇರೆಬೇರೆ ದಿನ ಹೋಗಿ ಕೇಳಿ. ಒಂದೇ ದಿನ ಕೇಳಿದರೆ ಮಾತು ಹೋಲಿಕೆಗೇ ಇಳಿಯುತ್ತದೆ.